ಬೆಕ್ಕಿನ ನಾಲಿಗೆಯಷ್ಟು ಒರಟು

ಬೈಕಿನಿಂದ ಇಳಿಯುವ ಮೊದಲೇ ಸೊಸೆ ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಮತ್ತೆ ಕೆಮ್ಮಿತು ಅತ್ತೆ," ಎಂದಳು.

"ಅದೇ ಜಾಗದಲ್ಲಾ?"

"ಅದೇ. ಕೊನೇ ತಿರುವು. ಆಕ್ಸಲರೇಟರ್ ತಿರುವಿದ ಕೂಡಲೇ ಒಂದು ಗಳಿಗೆ ಉಸಿರು ಕಟ್ಟುತ್ತೆ. ಆಮೇಲೆ ಹುಲಿ. ಆದರೆ ಅಷ್ಟರಲ್ಲಿ ಎಲ್ಲರೂ ಮುಂದೆ ಹೋಗಿರ್ತಾರೆ, ನಾನು ಅವರ ಹೊಗೆ ಕುಡ್ಕೊಂಡು ಬರ್ತೀನಿ."

ಅತ್ತೆ ಬೈಕನ್ನು ಶೆಡ್ಡಿನೊಳಕ್ಕೆ ತಳ್ಳಿಸಿಕೊಂಡಳು. ಸ್ಪಾರ್ಕ್ ಪ್ಲಗ್ ಬದಲಾಯಿಸಿಯಾಗಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲು ಹನಿಸುವ ಹಿತ್ತಾಳೆಯ ಪುಟ್ಟ ಜೆಟ್ಟನ್ನು ಸಣ್ಣದು ಹಾಕಿ ನೋಡಿದ್ದಳು, ದೊಡ್ಡದು ಹಾಕಿ ನೋಡಿದ್ದಳು. ಕೆಮ್ಮು ಹೋಗಿರಲಿಲ್ಲ. ನಾಳೆ ಬೆಳಿಗ್ಗೆ ರೇಸು. ವರ್ಷವಿಡೀ ಹಿಂದಿನ ಸಾಲಿನಲ್ಲಿ ಓಡಿಸಿದ ಸೊಸೆಗೆ ಈ ಸಲ ಮುಂದಿನ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಎಂಜಿನ್ನು ಹೀಗೇ ಕೆಮ್ಮಿದರೆ ಆ ಜಾಗ ಮೊದಲ ಸುತ್ತಿನಲ್ಲೇ ಕೈಬಿಟ್ಟುಹೋಗುತ್ತಿತ್ತು.

"ಕೆಮ್ಮಿಗೆ ಕಷಾಯ ಕೊಡು," ಎಂದರು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮಾವ.

"ನೀವು ಸುಮ್ನಿರ್ತೀರಾ?"

ಮಾವನದು ಸಿಲಿಂಡರ್ ಕೊರೆಯುವ ಲೇತು. ಕೈ ನಡುಗಲು ಶುರುವಾದ ಮೇಲೆ ಲೇತು ಬಿಟ್ಟು ಚಹಾ ಕಾಸುವ ಕೆಲಸ ಹಿಡಿದಿದ್ದರು. ಚಹಾಕ್ಕಿಂತ ಮಾತೇ ಜಾಸ್ತಿ. ಮಗ ರೈಲು ಓಡಿಸುವವನು, ಆ ದಿನ ಯಾವುದೋ ದೂರದ ಹಳಿಯ ಮೇಲಿದ್ದ. "ಅವನು ಹಳಿ ಬಿಟ್ಟು ಅತ್ತಿತ್ತ ಹೋಗೋ ಹಾಗಿಲ್ಲ, ಇವಳಿಗೆ ಹಳಿಯೇ ಇಲ್ಲ. ಜೋಡಿ ನೋಡು," ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು.

ಅತ್ತೆ ಈ ಶೆಡ್ಡಿಗೆ ಬಂದದ್ದು ಆಸ್ಪತ್ರೆಯ ಕತ್ತರಿ, ಇಕ್ಕಳಗಳಿಗೆ ಹೊಳಪು ಕೊಡುವ ಕಾರ್ಖಾನೆಯಿಂದ. ಗಂಡನ ಎಂಜಿನ್ನಿನ ಹೆಡ್ಡನ್ನು, ಸಿಲಿಂಡರಿನ ಮೇಲೆ ಮುಚ್ಚಳದ ಹಾಗೆ ಕೂರುವ ಆ ಲೋಹದ ಗಟ್ಟಿಯನ್ನು, ಮೊದಲ ಸಲ ಕೈಯಲ್ಲಿ ಹಿಡಿದಾಗ ಅವಳಿಗೆ ಅದೊಂದು ಪುಟ್ಟ ಮನೆಯ ಹಾಗೆ ಕಂಡಿತ್ತು. ಒಂದು ಬಾಗಿಲಲ್ಲಿ ಗಾಳಿ, ಪೆಟ್ರೋಲು ಒಳಗೆ ಬರುತ್ತವೆ, ಇನ್ನೊಂದರಲ್ಲಿ ಹೊಗೆ ಹೊರಗೆ ಹೋಗುತ್ತದೆ. ನಡುವೆ ಅಣಬೆಯಂಥ ಎರಡು ವಾಲ್ವುಗಳು ಕಣ್ಣಿಗೆ ಕಾಣದ ವೇಗದಲ್ಲಿ ತೆರೆದು ಮುಚ್ಚುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಅಲ್ಲಿ ಎಷ್ಟೋ ಸಲ ಬೆಂಕಿ ಹತ್ತಿ ಆರಿರುತ್ತದೆ. ಇಷ್ಟೆಲ್ಲ ನಡೆಯುವ ಮನೆಯ ಗೋಡೆ ಮಾತ್ರ ಅಚ್ಚಿನಿಂದ ತೆಗೆದ ಹಾಗೇ ತರಿತರಿಯಾಗಿತ್ತು. ಅವಳಿಗೆ ತಡೆಯಲಾಗಲಿಲ್ಲ. ಕಡ್ಡಿಯ ತುದಿಗೆ ಉಣ್ಣೆಬಟ್ಟೆ ಸುತ್ತಿ, ಹಸಿರು ಪಾಲಿಶ್ ಹಚ್ಚಿ, ಎರಡೂ ದಾರಿಗಳನ್ನು ತಿಕ್ಕಲು ಕೂತಳು. ಮುಗಿಸಿ ಎದ್ದಾಗ ಒಳಗೆ ಇಣುಕಿದವರಿಗೆ ತಮ್ಮ ಮುಖ ಕಾಣುತ್ತಿತ್ತು, ಸ್ವಲ್ಪ ಉದ್ದಕ್ಕೆ, ಚಮಚದಲ್ಲಿ ಕಂಡ ಹಾಗೆ.

ಅಂದಿನಿಂದ ಮೈದಾನದಲ್ಲಿ ಅವಳು ಕನ್ನಡಿಯಮ್ಮ. ರೇಸಿನ ಬೆಳಿಗ್ಗೆ ಹೆಡ್ಡು ಮುಚ್ಚುವ ಮೊದಲು ಪಕ್ಕದ ಶೆಡ್ಡಿನವರಿಗೆ ಒಮ್ಮೆ ತೋರಿಸುವುದು ಅಲ್ಲಿನ ರೂಢಿ, ಕಳ್ಳ ಕೆಲಸವೇನೂ ಇಲ್ಲ ಎಂದು. ಬೇರೆಯವರ ಹೆಡ್ಡನ್ನು ಒಬ್ಬರು ನೋಡಿದರೆ ಇವಳದ್ದನ್ನು ನೋಡಲು ಸಾಲು ನಿಲ್ಲುತ್ತಿತ್ತು. ಪಕ್ಕದ ಶೆಡ್ಡಿನ ಮೆಕ್ಯಾನಿಕ್ಕು ಕುಳ್ಳ, ತಲೆ ಗುಂಡಗೆ, ಎಲ್ಲರ ಬಾಯಲ್ಲಿ ಬಿರಡೆ. ಅವನು ಪ್ರತಿ ಸಲವೂ ಬಗ್ಗಿ, "ಕನ್ನಡಿಯಮ್ಮಾ, ಮೀಸೆ ತಿದ್ಕೊಳ್ಳಲಾ?" ಎನ್ನುತ್ತಿದ್ದ. ಪ್ರತಿ ಸಲವೂ ಅವಳಿಗೆ ಒಳಗೊಳಗೇ ಹಿಗ್ಗು.

ಈಗ ಸೊಸೆ ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚುತ್ತ ನಿಂತಿದ್ದಳು. ಹೇಳುವುದೋ ಬೇಡವೋ ಎಂಬಂತಿತ್ತು ಮುಖ.

"ಅತ್ತೆ, ಆ ಹಳೇ ಹೆಡ್ಡು ಇನ್ನೂ ಇದೆಯಾ?"

"ವಾಲ್ವಿನ ಹತ್ತಿರ ಬಿರುಕು ಬಿಟ್ಟಿದೆಯಲ್ಲ, ಅದಾ? ಪೆಟ್ಟಿಗೇಲಿ ಬಿದ್ದಿರಬೇಕು. ಯಾಕೆ?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ. ಹೇಳು."

"ನೀವು ಈ ಹೆಡ್ಡಿಗೆ ಹೊಳಪು ಕೊಡ್ತಾ ಇದ್ರಲ್ಲ, ಆಗ ಅದನ್ನ ಹಾಕಿ ಓಡಿಸಿದ್ದೆ. ಅದರ ಒಳಗೆಲ್ಲ ಒರಟು. ಆದರೆ..." ಅವಳು ತಲೆ ತಗ್ಗಿಸಿದಳು. "ಕೊನೇ ತಿರುವಲ್ಲಿ ಕೆಮ್ಮಿರಲಿಲ್ಲ."

ಅತ್ತೆ ಕೈ ಒರೆಸಿಕೊಂಡಳು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ ಅತ್ತೆ?"

ಅತ್ತೆ ಸ್ಪ್ಯಾನರ್ ತೆಗೆದುಕೊಂಡಳು. ಕಾರ್ಬುರೇಟರ್ ಬಿಚ್ಚಿ, ಟಾರ್ಚು ಹಾಕಿ ಗಾಳಿ ಒಳಬರುವ ದಾರಿಯಲ್ಲಿ ಇಣುಕಿದಳು. ಗೋಡೆ ಥಳಥಳ ಎನ್ನುತ್ತಿತ್ತು. ಆ ಥಳಥಳದ ಮೇಲೆ, ಬಾಗುವಿನ ತಗ್ಗಿನಲ್ಲಿ, ಪೆಟ್ರೋಲು ಒದ್ದೆಯಾಗಿ ನಿಂತಿತ್ತು. ಗಾಳಿಯ ಜೊತೆ ಮಂಜಾಗಿ ಹಾರಿಹೋಗಬೇಕಾದದ್ದು ಗೋಡೆ ಹಿಡಿದು ಇಳಿದು, ಅಲ್ಲೇ ಕೂತುಬಿಟ್ಟಿತ್ತು.

ಪೆಟ್ಟಿಗೆಯಿಂದ ಹಳೆಯ ಹೆಡ್ಡು ತರಿಸಿದಳು. ಅದರ ದಾರಿಯೊಳಗೆ ಕಿರುಬೆರಳು ಹಾಕಿ ಆಡಿಸಿದಳು. ಬೆಕ್ಕಿನ ನಾಲಿಗೆಯಷ್ಟು ಒರಟು. ಇಂಥ ಗೋಡೆಯ ಮೇಲೆ ಜಾರಿಕೊಂಡು ಹೋಗಲು ಗಾಳಿಗೆ ಆಗುವುದಿಲ್ಲ. ಅದು ತಡವರಿಸಬೇಕು, ಸುಳಿಯಬೇಕು. ಆ ಸುಳಿಯೇ ಪೆಟ್ರೋಲನ್ನು ಕೆದರಿ ಎಬ್ಬಿಸಿಕೊಂಡು ಹೋಗಬೇಕು. ತಾನು ಗಾಳಿಗೆ ಒಳ್ಳೆಯ ರಸ್ತೆ ಮಾಡಿಕೊಟ್ಟೆ ಅಂದುಕೊಂಡಿದ್ದಳು. ಗಾಳಿ ಆ ರಸ್ತೆಯಲ್ಲಿ ಪೆಟ್ರೋಲನ್ನು ಹಿಂದೆ ಬಿಟ್ಟು ತಾನೊಂದೇ ಓಡಿಹೋಗುತ್ತಿತ್ತು.

"ನೋಡ್ರೀ," ಎಂದಳು ಗಂಡನಿಗೆ. "ನಿಮಗೆ ಗೊತ್ತಿತ್ತಾ?"

ಮಾವ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಅನುಮಾನ ಇತ್ತು. ಆದರೆ ನೀನು ಅದನ್ನ ತಿಕ್ತಾ ಕೂತಾಗ ನಿನ್ನ ಮುಖ ನೋಡ್ಬೇಕಿತ್ತು. ಅದರ ಮುಂದೆ ನಾಲ್ಕು ಮಾರು ಹಿಂದೆ ಬಿದ್ರೆ ಏನಾಯ್ತು ಅಂತ ಸುಮ್ನಿದ್ದೆ."

"ಹಿಂದೆ ಬೀಳ್ತಾ ಇದ್ದೋಳು ನಾನು ಮಾವಾ," ಎಂದಳು ಸೊಸೆ.

ಮೂವರೂ ನಕ್ಕರು. ಅತ್ತೆ ಮೊದಲು ನಿಲ್ಲಿಸಿದಳು.

ಸಂಜೆಯ ಬಿಸಿಲು ಇನ್ನೂ ಬೆಂಚಿನ ಮೇಲಿತ್ತು. ಹೊಳೆಯುವ ಹೆಡ್ಡನ್ನು ಬಿಚ್ಚಿ, ಬಟ್ಟೆ ಹಾಸಿ ಇಟ್ಟಳು. ತುದಿ ಸೀಳಿದ ಸರಳಿಗೆ ಒರಟು ಉಪ್ಪುಕಾಗದ ಸಿಕ್ಕಿಸಿ ಸುತ್ತಿ, ಅದನ್ನು ಡ್ರಿಲ್ಲಿಗೆ ಸಿಕ್ಕಿಸಿದಳು.

"ಕೊಡಿ, ನಾನು ಮಾಡ್ತೀನಿ. ನಿಮಗೆ ಕಷ್ಟ ಆಗುತ್ತೆ," ಎಂದು ಸೊಸೆ ಕೈ ಚಾಚಿದಳು.

"ಕಷ್ಟ ಏನು? ತಿಕ್ಕಿದ ಕೈಗೇ ಗೊತ್ತಿರೋದು ಎಲ್ಲಿ ಎಷ್ಟು ಅಂತ. ನೀನು ಟಾರ್ಚು ಹಿಡಿ."

ಡ್ರಿಲ್ಲು ಗುರ್ ಎಂದಿತು. ಮೊದಲ ಸುತ್ತಿಗೇ ಕನ್ನಡಿಯ ಮೇಲೆ ಬೂದು ಬಣ್ಣದ ಪಟ್ಟಿ ಬಿತ್ತು. ಸೊಸೆ ಮೂಗೆಳೆದಳು, ಟಾರ್ಚಿನ ಬೆಳಕು ಪಕ್ಕಕ್ಕೆ ಸರಿಯಿತು.

"ನೆಟ್ಟಗೆ ಹಿಡಿಯೇ. ಅಳೋದಿದ್ರೆ ಹೊರಗೆ ಹೋಗಿ ಅಳು, ಇಲ್ಲಿ ನೀರು ಬಿದ್ರೆ ತುಕ್ಕು."

"ಅಲ್ಯೂಮಿನಿಯಂ ಎಲ್ಲಿ ತುಕ್ಕು ಹಿಡಿಯುತ್ತೆ ಅತ್ತೆ?"

"ನನಗೇ ಪಾಠ ಹೇಳ್ತೀಯಾ?"

ಗಾಳಿ ಹರಿಯುವ ದಿಕ್ಕಿಗೆ ಅಡ್ಡವಾಗಿ, ಓರೆಯಾಗಿ, ಗೀರುಗಳು ಒಂದರ ಮೇಲೊಂದು ಹೆಣೆದುಕೊಳ್ಳುವ ಹಾಗೆ ಅವಳು ಉಜ್ಜಿದಳು. ಆಗಾಗ ನಿಲ್ಲಿಸಿ, ಕಣ್ಣು ಮುಚ್ಚಿ, ಹಳೆಯ ಹೆಡ್ಡಿನಲ್ಲೊಮ್ಮೆ ಇದರಲ್ಲೊಮ್ಮೆ ಕಿರುಬೆರಳಾಡಿಸಿದಳು. ಹಳೆಯದಕ್ಕಿಂತ ಇದರ ಒರಟು ಹದವಾಗಿತ್ತು, ಎಲ್ಲ ಕಡೆ ಒಂದೇ ಸಮ. ಆ ಸಮವನ್ನು ಕಂಡಾಗ ಅವಳ ತುಟಿಯ ತುದಿ ತಾನಾಗಿಯೇ ಮೇಲೆದ್ದಿತು. ಹೊಗೆ ಹೊರಹೋಗುವ ದಾರಿಯನ್ನು ಅವಳು ಮುಟ್ಟಲಿಲ್ಲ. ಅಲ್ಲಿ ಸುಟ್ಟದ್ದು ಬೇಗ ತೊಲಗಬೇಕು. ಅಲ್ಲಿ ಕನ್ನಡಿ ಇರಬಹುದಿತ್ತು.

ಬೆಳಿಗ್ಗೆ ಬಿರಡೆ ಎಲ್ಲರಿಗಿಂತ ಮೊದಲು ಬಂದ. ಹೆಡ್ಡನ್ನು ಯಾರಿಗೂ ತೋರಿಸದೆ ಬೇಗ ಮುಚ್ಚಿಬಿಡಬಹುದಿತ್ತು. ಸೊಸೆ ಅದಕ್ಕೇ ಬೋಲ್ಟುಗಳನ್ನು ಸಿದ್ಧ ಮಾಡಿ ಇಟ್ಟಿದ್ದಳು. ಅತ್ತೆ ಅವುಗಳ ಕಡೆ ನೋಡದೆ ಹೆಡ್ಡನ್ನು ಎರಡೂ ಕೈಯಿಂದ ಎತ್ತಿ ಬಿರಡೆಯ ಕೈಗೆ ಕೊಟ್ಟಳು.

ಬಗ್ಗಿದವನು ಹಾಗೇ ನಿಂತ. "ಅಯ್ಯಯ್ಯೋ. ಯಾರು ಹಾಳು ಮಾಡಿದ್ದು?"

"ನಾನೇ."

"ಕನ್ನಡಿ ಎಲ್ಲಿ?"

"ಹೊಗೆ ಹೋಗೋ ಕಡೆ ಇದೆ ನೋಡು. ನಿನ್ನ ಮೀಸೆಗೆ ಅಷ್ಟು ಸಾಕು."

ಸುದ್ದಿ ಹರಡಲು ತಡವಾಗಲಿಲ್ಲ. ಎಂದೂ ಇಲ್ಲದ ಜನ ಬಂದರು. ಕೆಲವರು ನಾಲಿಗೆ ಲೊಚಗುಟ್ಟಿದರು, ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ವಯಸ್ಸಾಯ್ತು ಪಾಪ," ಎಂದು ಯಾರೋ ಪಿಸುಗುಟ್ಟಿದ್ದು ಶೆಡ್ಡಿಗೆಲ್ಲ ಕೇಳಿಸಿತು. ಅತ್ತೆ ಪ್ರತಿಯೊಬ್ಬರ ಕೈಗೂ ಹೆಡ್ಡು ಕೊಟ್ಟಳು, ಪ್ರತಿಯೊಬ್ಬರಿಂದಲೂ ವಾಪಸು ಪಡೆದಳು. ಕೊನೆಯವನು ಹೋದ ಮೇಲೆ ತಾನೇ ಬೋಲ್ಟು ಬಿಗಿದಳು, ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ.

ರೇಸು ನೋಡಲು ಮಾವ ಎತ್ತರದ ಕಟ್ಟೆ ಹತ್ತಿದರು. ಅತ್ತೆ ಕೊನೆಯ ತಿರುವಿನ ತಂತಿಬೇಲಿಯ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಏನೂ ಸರಿಯಾಗಿ ಕಾಣುವುದಿಲ್ಲ. ಅವಳಿಗೆ ಕಾಣುವುದು ಬೇಕಿರಲಿಲ್ಲ.

ಮೊದಲ ಸುತ್ತಿನಲ್ಲಿ ಬೈಕುಗಳೆಲ್ಲ ಒಟ್ಟಿಗೆ ಬಂದವು. ಬ್ರೇಕು ಹಿಡಿದ ಸದ್ದು, ಗೇರು ಇಳಿದ ಸದ್ದು. ಆ ಗದ್ದಲದೊಳಗೆ ತನ್ನ ಎಂಜಿನ್ನಿನ ಸ್ವರ ಅವಳಿಗೆ ಗುಂಪಿನಲ್ಲಿ ಮಗುವಿನ ದನಿ ಸಿಕ್ಕ ಹಾಗೆ ಸಿಕ್ಕಿತು. ಬಾಗಿತು. ತಗ್ಗಿತು. ಈಗ, ಎಂದು ಅವಳು ಬೇಲಿಯ ತಂತಿ ಹಿಡಿದಳು.

ಎಂಜಿನ್ನು ಕೆಮ್ಮಲಿಲ್ಲ. ತಗ್ಗಿದ ಸ್ವರ ಎಲ್ಲೂ ತುಂಡಾಗದೆ, ಬಟ್ಟೆಯನ್ನು ಒಂದೇ ಎಳೆತಕ್ಕೆ ಬಿಡಿಸಿದ ಹಾಗೆ ಏರುತ್ತಾ ಏರುತ್ತಾ ನೇರ ದಾರಿಯ ಕೊನೆಯವರೆಗೆ ಹೋಯಿತು. ಬಿರಡೆಯ ಬೈಕನ್ನು ಅಲ್ಲಿಯೇ ಎಲ್ಲೋ ದಾಟಿರಬೇಕು. ಕಟ್ಟೆಯ ಮೇಲಿಂದ ಮಾವ ಕೂಗಿದ್ದು ಕೇಳಿಸಿತು. ಅತ್ತೆ ತಿರುಗಿ ನೋಡಲಿಲ್ಲ. ಮುಂದಿನ ಸುತ್ತಿಗಾಗಿ ಕಿವಿ ಅಲ್ಲೇ ಇತ್ತು.

ಸೊಸೆ ಎರಡನೆಯವಳಾಗಿ ಬಂದಳು. ಗೆದ್ದದ್ದು ದೊಡ್ಡ ಕಂಪನಿಯ ಬೈಕು. ಅವಳು ಶೆಡ್ಡಿಗೆ ಬಂದು ಎಂಜಿನ್ನು ಆರಿಸಿದಾಗ ಬಿಸಿ ಲೋಹ ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಅತ್ತೆಯ ಭುಜಕ್ಕೆ ಹೆಲ್ಮೆಟ್ಟು ಸಮೇತ ಹಣೆ ಒರಗಿಸಿದಳು.

"ಅಯ್ಯೋ, ಮೂಳೆ ಮುರೀತು. ಮೊದಲು ಅದನ್ನ ತೆಗಿ."

ಬಿರಡೆ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲು ಸಂಕೋಚ. "ಯಾವ ಕಾಗದದಲ್ಲಿ ಉಜ್ಜಿದ್ದು ಅಂತ ಕೇಳಿದ್ರೆ ಹೇಳ್ತೀಯಾ?"

"ಕೂತ್ಕೋ, ಚಹಾ ಕುಡಿ. ಹೇಳ್ತೀನಿ."

"ಅಲ್ಲಾ, ಇನ್ಮೇಲೆ ನಿನ್ನ ಏನಂತ ಕರೀಬೇಕು?"

"ಹೆಸರು ಹಿಡಿದು ಕರೆಯೋ ಧೈರ್ಯ ನನಗೇ ಬಂದಿಲ್ಲ, ನಿನಗೆಲ್ಲಿಂದ ಬರುತ್ತೆ?" ಎಂದರು ಮಾವ, ಲೋಟ ತೊಳೆಯುತ್ತ.

ಅತ್ತೆ ಅವರ ಮಾತಿಗೆ ಕಿವಿಗೊಡಲಿಲ್ಲ. ಸೊಸೆಯ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಾಜಿನ ತುಂಬ ಹುಳುಗಳ ಕಲೆ, ಮುಂದಿನ ಬೈಕು ಎರಚಿದ ಎಣ್ಣೆ, ಧೂಳು. ಡ್ರಾಯರಿನಿಂದ ಹಸಿರು ಮೆತ್ತಿದ ಹಳೆಯ ಉಣ್ಣೆಬಟ್ಟೆ ತೆಗೆದಳು. ಅದರ ಶುಭ್ರವಾದ ಮಗ್ಗುಲನ್ನು ಹುಡುಕಿ, ಗಾಜಿನ ಮೇಲೆ ಉಸಿರೂದಿ, ಸಣ್ಣ ಸಣ್ಣ ಸುತ್ತಾಗಿ ಒರೆಸತೊಡಗಿದಳು.

"ಸಾಕು ಅತ್ತೆ, ಹೊಳೀತಿದೆ," ಎಂದಳು ಸೊಸೆ.

"ಇರು," ಎಂದು ಅತ್ತೆ ಮತ್ತೊಮ್ಮೆ ಉಸಿರೂದಿದಳು.