ತಿಪ್ಪೇಶನಿಗೆ ಕಾಣುವ ಬಣ್ಣ

"ಆ ಕಡೆ ಇನ್ನಷ್ಟು ಎಳೀರಿ, ಮೂಲೆ ಜೋತು ಬಿದ್ದೈತೆ," ಎನ್ನುತ್ತ ಧರ್ಮಪ್ಪ ಗೇಟಿನ ಬಳಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿಸುತ್ತಿದ್ದ. ಒಳಗೆ ಅವನ ತಮ್ಮನ ಹೆಂಡತಿ ಮಧುಶ್ರೀಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹಿಂದಿನ ದಿನ ತಲೆಯೊಳಗೆ ರಕ್ತನಾಳ ಒಡೆದು ಸತ್ತವಳಿಗೆ ಇನ್ನೂ ನಲವತ್ತಾಗಿರಲಿಲ್ಲ.

ಅವಳ ಗಂಡ ತಿಪ್ಪೇಶ ಹೊರಗೆ ಬಂದು ಫ್ಲೆಕ್ಸ್ ನೋಡಿದ. ಕೈಮುಗಿದ ಧರ್ಮಪ್ಪನ ಫೋಟೊ ಆಳೆತ್ತರವಿತ್ತು. ಮಧುಶ್ರೀಯದು ಮೂಲೆಯಲ್ಲಿ, ಅಂಗೈಯಗಲ. ನಡುವೆ ಕೆಸರಿನಂಥ ಒಂದೇ ಬಣ್ಣ.

"ಅಣ್ಣ, ಇದ್ರಾಗೆ ಅವಳ ಹೆಸರು ಎಲ್ಲೈತೆ?"

"ಅಷ್ಟು ದಪ್ಪಕ್ಕೆ ಬರೆಸೀನಿ, ಕಾಣಲ್ವೇನಲೇ? ಹಸಿರಿನ ಮೇಲೆ ಕೆಂಪು..." ಎಂದವನಿಗೆ ಥಟ್ಟನೆ ನೆನಪಾಗಿ ನಗು ಬಂತು. "ಓ, ನಿಂಗೆ ಕೆಂಪೂ ಹಸಿರೂ ಎಲ್ಲಾ ಒಂದೇ ಅಲ್ವಾ!"

ಹಗ್ಗ ಹಿಡಿದವರೂ ನಕ್ಕರು. ತಿಪ್ಪೇಶ ಒಳಗೆ ಹೋಗಿ ಮಧುಶ್ರೀಯ ಪಕ್ಕ ಕೂತ.

*

ಮಧುಶ್ರೀ ಶಿಕಾರಿಪುರದ ಆ ಮನೆಯಲ್ಲೇ ಕೂತು, ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರ್ ಪರದೆಗೆ ಬಣ್ಣ ಹೊಂದಿಸುತ್ತಿದ್ದಳು. ಹಗಲಿಗೆ ತಿಳಿ ಹಿನ್ನೆಲೆ, ಕತ್ತಲಿಗೆ ಗಾಢ ಹಿನ್ನೆಲೆ. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಅಕ್ಷರ ಕಣ್ಣಿಗೆ ಚುಚ್ಚುತ್ತದೆಂದು ಎರಡನ್ನೂ ಇಷ್ಟಿಷ್ಟೇ ಮಂದ ಮಾಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ತಿಪ್ಪೇಶ ನಾಚಿಕೆಯಿಂದಲೇ ಹೇಳಿಕೊಂಡಿದ್ದ, ಇದೇ ಕಣ್ಣಿನಿಂದಾಗಿ ರೈಲ್ವೆ ಕೆಲಸ ತಪ್ಪಿತೆಂದು. ಅವಳು ನಗಲಿಲ್ಲ. ಕುರ್ಚಿ ಎಳೆದು ಪರದೆಯ ಮುಂದೆ ಕೂರಿಸಿದಳು.

"ರೀ, ಈ ಎರಡು ಸಾಲು ಬೇರೆ ಬೇರೆ ಕಾಣ್ತಾವಾ?"

"ಇಲ್ಲ."

"ಹಂಗಾರೆ ಇದು ತಪ್ಪು."

"ತಪ್ಪು ನನ್ನ ಕಣ್ಣಿಂದು, ಮಧು."

"ಓದಾಕೆ ಬರದಿದ್ರೆ ತಪ್ಪು ಬಣ್ಣದ್ದು."

ಕೆಂಪನ್ನು ಕಿತ್ತಳೆಯತ್ತ, ಹಸಿರನ್ನು ನೀಲಿಯತ್ತ ಸರಿಸಿ ಮತ್ತೆ ಕೇಳಿದಳು. ಆಮೇಲೆ ಅವನು ಓದಿ ಹೂಂ ಎನ್ನದೆ ಅವಳ ಒಂದು ವಿನ್ಯಾಸವೂ ಮನೆ ದಾಟಲಿಲ್ಲ.

*

ಬಿಸಿಲೇರಿತು. ಹೂವಿನ ಹಾರಕ್ಕೆ ನೊಣ ಮುತ್ತತೊಡಗಿದವು.

"ಇನ್ನೂ ಯಾಕೆ ಎತ್ತಲಿಲ್ರೀ?" ಎಂದು ಪಕ್ಕದ ಮನೆಯ ಬಸಕ್ಕ ಕೇಳಿದಳು.

"ಎಮ್ಮೆಲ್ಲೆ ಸಾಹೇಬ್ರು ಸೊರಬ ಬಿಟ್ಟಾರಂತೆ," ಎಂದ ಧರ್ಮಪ್ಪ. "ಬಂದು ಫ್ಲೆಕ್ಸ್ ಮುಂದೆ ಒಂದು ಫೋಟೊ ಆಗ್ಲಿ. ಎಲೆಕ್ಷನ್ ಹತ್ರ ಐತೆ."

ತಿಪ್ಪೇಶ ಎದ್ದು ಹಿತ್ತಿಲಿನಿಂದ ಕುಡುಗೋಲು ತಂದ. ಅಣ್ಣನೆದುರು ಎಂದೂ ದನಿಯೆತ್ತಿದವನಲ್ಲ.

"ಹೆಂಡ್ತಿ ಹೆಸರು ಗಂಡಂಗೇ ಓದಾಕೆ ಬರದಂಗೆ ಬರೆಸೀಯ. ಹೆಣಾನೂ ಕಾಯಿಸ್ತೀಯಾ? ನಿನ್ನ ನೋಡಿದ್ರೆ ಹೇಸಿಗೆ ಆಗ್ತೈತಣ್ಣ."

"ಹುಚ್ಚು ಹಿಡೀತೇನಲೇ? ಜನ ನೋಡ್ತಾರೆ!"

ತಿಪ್ಪೇಶ ಹಗ್ಗ ಕೊಯ್ದ. ಫ್ಲೆಕ್ಸ್ ಚರಂಡಿಗೆ ಮಗುಚಿ ಬಿತ್ತು. "ಎತ್ರಪ್ಪ," ಎಂದ ಅವನು ನಿಂತವರಿಗೆ. ಅವರು ಒಳಗೆ ಹೋಗಿ ಹೆಣ ಎತ್ತಿದರು.

ಮಧುಶ್ರೀಯನ್ನು ಕುಣಿಯಲ್ಲಿ ಕೂರಿಸಿದ ಮೇಲೆ ಸ್ವಾಮಿಗಳು, "ಎಲ್ಲರೂ ಮಣ್ಣು ಕೊಡಿ," ಎಂದರು. ತಿಪ್ಪೇಶ ಬೊಗಸೆ ತುಂಬ ಮಣ್ಣು ತೆಗೆದು, ಅವಳ ಮುಖಕ್ಕೆ ಬೀಳದಂತೆ ಪಾದದ ಬಳಿ ಬಿಟ್ಟ. ತಲೆಯೆತ್ತಿದಾಗ ಎದುರಿಗೆ ಧರ್ಮಪ್ಪ ಬಲಗೈಯಲ್ಲಿ ಫೋನು ಎತ್ತಿ ಹಿಡಿದು, ಅದರಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತ, ಎಡಗೈಯಿಂದ ಮಣ್ಣು ಎರಚುತ್ತಿದ್ದ.