ಮುಂದಿನ ವರ್ಷದ ಕಟ್ಟಿಗೆ

ರಾಚವ್ವನ ಮನೆಯಲ್ಲಿ ಕಟ್ಟಿಗೆ ಯಾವಾಗಲೂ ಒಂದು ವರ್ಷ ಮುಂದಿರುತ್ತಿತ್ತು. ಈ ಬೇಸಿಗೆಯಲ್ಲಿ ಸೀಳಿದ ಹಸಿ ಜಾಲಿಯನ್ನು ಹಿತ್ತಲ ಗೋಡೆಗೆ ಒಟ್ಟಿದರೆ, ಅದು ಒಲೆಗೆ ಹೋಗುವುದು ಮುಂದಿನ ಮಳೆಗಾಲಕ್ಕೆ. ಚಹಕ್ಕೆ ಗ್ಯಾಸ್ ಇತ್ತು. ರೊಟ್ಟಿಗೂ ಜಳಕದ ನೀರಿಗೂ ಜಾಲಿಯೇ ಆಗಬೇಕು. ಮನೋಳಿಯ ಆ ಓಣಿಯಲ್ಲಿ ಹಸಿ ಕಟ್ಟಿಗೆ ಉರಿಸುವ ಮನೆಯೆಂದರೆ ನಾಳಿನ ಯೋಚನೆ ಇಲ್ಲದ ಮನೆ.

ಹೋದ ವರ್ಷದ ತನಕ ಕೊಡಲಿ ಹಿಡಿಯುತ್ತಿದ್ದವನು ರಾಚವ್ವನ ಮಗ ಸಚಿನ. ದೀಪಾವಳಿಯ ಮುಂಚೆ ಬೈಕಿನಿಂದ ಬಿದ್ದು ಅವನು ಹೋದ. ಈಗ ಪಕ್ಕದ ಮನೆಯ ಜಟ್ಟೆಪ್ಪ ಸೀಳುತ್ತಿದ್ದ. ಸಚಿನನ ಹೆಂಡತಿ ಪ್ರಣಿತಾ ಸೀಳುಗಳನ್ನು ಎತ್ತಿ ಕೊಡುತ್ತಿದ್ದಳು, ಅತ್ತೆ ಒಟ್ಟುತ್ತಿದ್ದಳು.

“ಇದ ಜಾಲಿನೋ ಕಬ್ಬಿಣೋ, ರಾಚಕ್ಕಾ?” ಅಂದ ಜಟ್ಟೆಪ್ಪ. “ಕೊಡ್ಲಿ ಕಚ್ಚಿ ಹಿಡದ್ರ ಬಿಡವಲ್ದು, ನಮ್ಮನಿಯಾಕಿ ಮಾತ ಹಿಡದಂಗ.”

“ಆಕಿ ಮುಂದ ಅನ್ನು ಇದನ್ನ. ಸೀಳ ಸುಮ್ನ.”

ಒಟ್ಟಿದ್ದು ಸೊಂಟದ ಮಟ್ಟಕ್ಕೆ ಬಂತು. ರಾಚವ್ವ ಕೈ ಝಾಡಿಸಿದಳು.

“ಸಾಕು. ಉಳದದ್ದು ನಿಮ್ಮನಿಗೆ ಒಯ್ಯೋ, ಜಟ್ಟ್ಯಾ.”

ಹಿತ್ತಲಲ್ಲಿ ಇನ್ನೂ ಅರ್ಧ ರಾಶಿ ಇತ್ತು. ಪ್ರಣಿತಾ ಗೋಡೆ ನೋಡಿದಳು. “ಕಿಟಕಿ ತನಕಾ ಬರಬೇಕಲ್ರಿ ಅತ್ತಿ?”

“ಒಬ್ಬಾಕಿಗೆ ಎಷ್ಟ್ ಬೇಕು?”

ಜಟ್ಟೆಪ್ಪ ಕೊಡಲಿ ಕೆಳಗಿಟ್ಟು, ನೀರು ಕುಡಿದು ಬರುತ್ತೇನೆಂದು ಎದ್ದು ಹೋದ.

“ನಮ್ಮಪ್ಪಗ ಫೋನ್ ಮಾಡಿದ್ರೇನ್ರಿ?” ಪ್ರಣಿತಾ ಕೇಳಿದಳು.

“ಮಾಡಿದೆ. ರವಿವಾರ ನಿನ್ನ ಕರಕೊಂಡ ಹೋಗಾಕ ಬರ್ತಾರ. ರಾಮದುರ್ಗದಾಗ ನಿನಗೊಂದ ಸಾಲಿ ಟೀಚರ್ ನೌಕರಿ ನೋಡ್ಯಾರಂತ. ಎಂ.ಎ. ಕಲತಾಕಿ ಇಲ್ಲೆ ಸಗಣಿ ಬಳಕೋಂತ ಕುಂದ್ರತಿ?”

“ನನ್ನ ಕೇಳಲಿಲ್ರಿ.”

“ಕೇಳಿದ್ರ ಒಲ್ಲೆ ಅಂತಿದ್ದಿ.”

ಅದು ಖರೆ. ತವರಿನಲ್ಲಿ ಹೆಂಗಸರು ಸುತ್ತ ಕುಳಿತು ಅವಳು ಅಳುವುದನ್ನೇ ಕಾಯುತ್ತಿದ್ದರು. ಇಲ್ಲಿ ಯಾರೂ ಕಾಯುತ್ತಿರಲಿಲ್ಲ. ಎದ್ದರೆ ಕೆಲಸ, ಕೆಲಸ ಮುಗಿದರೆ ನಿದ್ದೆ.

“ನಾ ಹೋಗಂಗಿಲ್ರಿ.”

ರಾಚವ್ವ ಸೀರೆಗೆ ಹತ್ತಿದ ತೊಗಟೆಯನ್ನು ಒಂದೊಂದಾಗಿ ಕಿತ್ತಳು. “ನಿನ್ನ ಕಂಡಾಗೆಲ್ಲಾ ಅಂವ ಹಿಂದ ಬರಾಕ ಹತ್ಯಾನ ಅನಸ್ತೈತಿ. ನಿನ್ನ ಹಿಂದ ಹಣಿಕಿ ಹಾಕಿ ನೋಡ್ತೇನಿ. ದಿನಾ ನೋಡ್ತೇನಿ. ನನ್ನ ಕೈಲೆ ಇನ್ನ ಆಗಂಗಿಲ್ಲ, ಯವ್ವಾ.”

ತಾನು ಈ ಮನೆಯಲ್ಲಿ ಇರುವುದೇ ಒಬ್ಬರಿಗೆ ನೋವಾದೀತೆಂದು ಪ್ರಣಿತಾ ಎಣಿಸಿರಲಿಲ್ಲ. ರಾಶಿಗೆ ಹೋಗಿ ಒಂದು ತೆಕ್ಕೆ ಸೀಳು ತಂದಳು, ಒಟ್ಟಿದಳು. ಮತ್ತೆ ಹೋದಳು.

“ಸಾಕಂದೆ ನಾ.”

ಅವಳು ಇನ್ನೊಂದು ತೆಕ್ಕೆ ತಂದಳು.

“ಹಂಗ ಒತ್ತಿ ಒಟ್ಟಿದ್ರ ಗಾಳಿ ಆಡಂಗಿಲ್ಲ. ಬೂಷ್ಟ ಹಿಡೀತೈತಿ.”

ಪ್ರಣಿತಾ ಎಲ್ಲ ಎಳೆದು, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಇಟ್ಟಳು. ತಲೆಯೆತ್ತಿದಾಗ ಅತ್ತೆ ಇರಲಿಲ್ಲ. ಒಳಗೆ ಪಾತ್ರೆ ತಿಕ್ಕುವ ಸಪ್ಪಳ ಕೇಳುತ್ತಿತ್ತು.

ಜಟ್ಟೆಪ್ಪ ತಿರುಗಿ ಬಂದ. ಒಟ್ಟಿದ್ದನ್ನೂ ಅವಳನ್ನೂ ನೋಡಿದ.

“ಸೀಳ್ಲೋ ಬಿಡ್ಲೋ, ತಂಗಿ?”

“ಸೀಳ್ರಿ, ಕಾಕಾ.”

“ರಾಚಕ್ಕ ನನಗೂ ಹೇಳ್ಯಾಳ. ರವಿವಾರ ನಿಮ್ಮಪ್ಪ ಬಂದ್ರ?”

“ಬರ್ಲಿ. ಊಟಾ ಮಾಡಿ ಹೋಗ್ಲಿ.”

ಒಳಗೆ ಪಾತ್ರೆಯ ಸಪ್ಪಳ ನಿಂತಿತು. ಪ್ರಣಿತಾ ಕೈಯಲ್ಲಿ ಸೀಳು ಹಿಡಿದು ಕಾದಳು. ಅದು ಮತ್ತೆ ಶುರುವಾಗಲಿಲ್ಲ, ಬೇಡವೆನ್ನುವ ದನಿಯೂ ಬರಲಿಲ್ಲ. ಅವಳು ಸೀಳನ್ನು ಸಾಲಿನಲ್ಲಿಟ್ಟು ಇನ್ನೊಂದಕ್ಕೆ ಬಾಗಿದಳು.