ಅಳತೆಯ ಬಟ್ಟಲು

ಮರುದಿನ ಬೆಳಿಗ್ಗೆ ಸಿಂಧನೂರಿನಲ್ಲಿ ನಮ್ಮ ಯಜಮಾನರ ಕಣ್ಣಿನ ಪೊರೆ ತೆಗೆಯುವವರಿದ್ದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ಡಾಕ್ಟರು ಎರಡು ಸಲ ನಮ್ಮೂರು ಮಸ್ಕಿಗೆ ವಾಪಸ್ ಕಳಿಸಿದ್ದರು. ಇದು ಮೂರನೇ ಸಲ. ಮಧ್ಯಾಹ್ನದಿಂದ ನನಗೆ ಕೂತಲ್ಲಿ ಕೂರಲಾಗಿರಲಿಲ್ಲ. ಕಟ್ಟಿದ ಆಸ್ಪತ್ರೆಯ ಚೀಲವನ್ನೇ ಮತ್ತೆ ಬಿಚ್ಚಿ, ಮತ್ತೆ ಕಟ್ಟುತ್ತಿದ್ದೆ.

ಇಂಥ ದಿನವೇ ಮಗಳು ಅಮೂಲ್ಯಾಗೆ ಪಾಸ್ತಾ ಮಾಡುವ ಹುಕಿ. ಲಿಂಗಸುಗೂರಿನ ಹಾಸ್ಟೆಲಿನಿಂದ ಬರುವಾಗಲೇ ಚೀಸು ತಂದಿದ್ದಳು. ಹಾಲು, ಬೆಣ್ಣೆ, ಚೀಸು ಎಲ್ಲ ಸೇರಿ ಬಾಣಲೆಯಲ್ಲಿ ಬೆಳ್ಳಗೆ ಕುದಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ನಾಳಿ ಆಪರೇಷನ್, ಇವತ್ತ ಇದೇನಬೇ ನಿಂದು?"

"ಅಪ್ಪನೇ ಕೇಳ್ಯಾನ, ಅದಕ್ಕ ಮಾಡಾಕತ್ತೀನಿ. ಒಂದ ಸಣ್ಣ ಬಟ್ಟಲ ಸಾಕವ್ವ. ಜೋಡಿಗೆ ಸೌತಿಕಾಯಿ, ಹೆಸರಕಾಳ ಪಲ್ಯ ಜಾಸ್ತಿ ಹಾಕು. ರೊಟ್ಟಿ, ಅನ್ನ ಬ್ಯಾಡ."

ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಮೇಡಂ ಹೇಳಿದ್ದೂ ಇದನ್ನೇ: ಆಸೆಪಟ್ಟದ್ದನ್ನು ಪೂರಾ ಬಿಡಿಸಬೇಡಿ, ಅಳತೆ ಹಿಡಿಯಿರಿ. ಮಗಳ ಮಾತಿಗೆ ಒಪ್ಪಿದೆ. ನಾನೇ ಸಣ್ಣ ಬಟ್ಟಲಲ್ಲಿ ಅಳೆದು ಅವರ ತಾಟಿಗೆ ಹಾಕಿದೆ. ಉಳಿದರ್ಧ ತಾಟು ಸೌತೆಕಾಯಿ, ಕಾಳು. ಅಷ್ಟಾದರೂ ಸಮಾಧಾನವಿಲ್ಲ, ಆಸ್ಪತ್ರೆಯ ಚೀಟಿ ಇಟ್ಟೆನೋ ಇಲ್ಲವೋ ಎಂದು ಒಳಗೆ ಓಡಿದೆ.

ಹೊರಗೆ ಬರುವಷ್ಟರಲ್ಲಿ ನಮ್ಮತ್ತೆ ಶೇಖರಮ್ಮ ಇನ್ನೂ ಎರಡು ಸೌಟು ಪಾಸ್ತಾ ಸುರಿದು, ಪಕ್ಕದಲ್ಲಿ ಎರಡು ಜೋಳದ ರೊಟ್ಟಿ ಇಟ್ಟಿದ್ದರು.

"ಅತ್ತೀ, ಏನ್ ಮಾಡಿದ್ರಿ ಇದು?"

"ಬರೇ ಪಲ್ಯ ತಿಂತಾನೇನ ನನ್ನ ಮಗ? ರೊಟ್ಟಿ ಬ್ಯಾಡಾ?"

"ಪಾಸ್ತಾ ಪಲ್ಯ ಅಲ್ರೀ! ಅದೂ ಗೋಧೀನ. ರೊಟ್ಟಿ ಜೋಡಿ ರೊಟ್ಟಿ ತಿಂದಂಗ ಆಕ್ಕತಿ!"

ರೊಟ್ಟಿಯನ್ನು ಸರಕ್ಕನೆ ಎತ್ತಿದೆ. ಪಾಸ್ತಾ ಏನು ಮಾಡುವುದು? ನಮ್ಮ ಮನೆಯಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಕೊನೆಗೆ ತಾಟು ತೊಳೆದ ನೀರನ್ನೂ ಕುಡಿಯಬೇಕು. ನಮ್ಮವರು ಹುಟ್ಟಿದಾಗಿನಿಂದ ತಪ್ಪಿಸಿದವರಲ್ಲ.

"ಅಷ್ಟ ಬಿಟ್ಟ ಬಿಡಪ್ಪಾ," ಎಂದಳು ಅಮೂಲ್ಯಾ.

"ಬಿಡಾಕ ಬರತೈತೇನವ್ವಾ?" ಎನ್ನುತ್ತ ಅವರು ತಾಟಿನ ಅಂಚನ್ನು ಬೆರಳಿನಿಂದ ಹುಡುಕಿದರು. "ಎಷ್ಟ ಐತಿ ಇದು? ನನಗ ಕಾಣವಲ್ದು."

ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ಸಣ್ಣ ಪೊರೆ, ಓದಾಕಷ್ಟ ತ್ರಾಸು ಎಂದು ಮಗ ತಾಯಿಗೆ ಹೇಳುತ್ತ ಬಂದಿದ್ದರು. ನಮಗೂ ಹಾಗೇ ಹೇಳಲು ಆಣೆ ಮಾಡಿಸಿದ್ದರು.

"ಬಸವಂತಾ, ತಾಟಿನ್ಯಾಗಿಂದೂ ಕಾಣಂಗಿಲ್ಲೇನೋ?"

ನಮ್ಮವರು ಬೆರಳನ್ನು ತಾಟಿನ ಅಂಚಿನಿಂದ ತೆಗೆದರು. ನನ್ನ ಸಿಟ್ಟೆಲ್ಲ ಇಳಿಯಿತು.

ಅತ್ತೆ ನೆಲಕ್ಕೆ ಕೂತರು. "ಬಟ್ಟಲ ತಾ" ಎಂದರು. ಅದರಲ್ಲಿ ಒಂದಳತೆ ತೆಗೆದಿಟ್ಟು, ಉಳಿದ ಪಾಸ್ತಾವನ್ನೆಲ್ಲ ತಮ್ಮ ತಾಟಿಗೆ ಬಳಿದುಕೊಂಡರು. ನಮ್ಮವರು ಕೈಹಾಕಿ ಕಲಸಿದ್ದೂ ಅದರಲ್ಲಿತ್ತು.

"ಅತ್ತೀ, ಎಂಜಲಾಗೈತ್ರೀ."

"ಪ್ರಸಾದಕ್ಕ ಎಲ್ಲೀ ಎಂಜಲ?"

ಚೀಸಿನ ವಾಸನೆಗೆ ಆಗಿನಿಂದ ಮೂಗು ಮುಚ್ಚಿಕೊಂಡಿದ್ದ ಅತ್ತೆ ಒಂದೊಂದೇ ತುತ್ತು ನುಂಗತೊಡಗಿದರು. ಬಟ್ಟಲಿನದನ್ನು ನಮ್ಮವರ ತಾಟಿಗೆ ನಾನು ಹಾಕಿದೆ. ಅವರು ಬೆರಳಾಡಿಸಿ ನೋಡಿದರು.

"ಇಷ್ಟೇನಬೇ?"

"ಇಷ್ಟ," ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನಾಳಿ ಕಣ್ಣ ಬರಲಿ. ಆಮ್ಯಾಲ ನೀನ ನೋಡಿ ಬಡಿಸ್ಕೊ."